ಹಳೇ ನೆಟ್‌ಬುಕ್, ಆಲ್ಪೈನ್ ಲಿನಕ್ಸ್, ಎಪಿಕೆ: ಚಿಕ್ಕಪ್ಪನಿಗೊಂದು ಕನ್ನಡ ಟೈಪಿಂಗ್ ಯಂತ್ರ

ಬೇಕಿದ್ದದ್ದು ಸಣ್ಣ ಕೆಲಸ. ಆನ್ ಮಾಡಿದರೆ ನೇರ ಒಂದು ಎಡಿಟರ್ ತೆರೆಯಬೇಕು. ಕನ್ನಡ ಟೈಪ್ ಆಗಬೇಕು, ಫೈಲ್ ಉಳಿಯಬೇಕು. ಇಂಟರ್ನೆಟ್ ಬೇಡ, ಯೂಟ್ಯೂಬ್ ಬೇಡ. ಚಿಕ್ಕಪ್ಪ ಸರ್ಕಾರಿ ಕಚೇರಿಯಲ್ಲಿ ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರು. ಈಗ ಊರಿನ ದೇವಸ್ಥಾನದ ಲೆಕ್ಕ, ಭಜನೆ ಪದಗಳು, ಹಳೆ ಕಾಗದಪತ್ರ ಎಲ್ಲ ಕೂತು ಟೈಪ್ ಮಾಡುತ್ತಾರೆ. ಕೀಬೋರ್ಡ್ ನೋಡುವುದೇ ಇಲ್ಲ, ನುಡಿಯ ಕಗಪ ಕೀಲಿ ವಿನ್ಯಾಸ ಬೆರಳಲ್ಲೇ ಇದೆ.

ಅಟ್ಟದ ಮೇಲೆ ಒಂದು ನೆಟ್‌ಬುಕ್ ಬಿದ್ದಿತ್ತು. ಇಂಟೆಲ್ ಆಟಮ್ ಎನ್270, 1.6 ಗಿಗಾಹರ್ಟ್ಸ್, 1 ಜಿಬಿ ರ್‍ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, 10 ಇಂಚಿನ ಪರದೆ. ಈ ಪ್ರೊಸೆಸರ್ 32-ಬಿಟ್ ಮಾತ್ರ. ಅಲ್ಲಿಗೇ ಆಯ್ಕೆ ಅರ್ಧಕ್ಕರ್ಧ ಇಳಿಯಿತು, ಯಾಕೆಂದರೆ ಉಬುಂಟು, ಫೆಡೋರಾ ಎಲ್ಲ 32-ಬಿಟ್ ಐಎಸ್ಒ (ಇನ್‌ಸ್ಟಾಲ್ ಮಾಡುವ ಫೈಲ್) ಕೊಡುವುದನ್ನು ಯಾವತ್ತೋ ನಿಲ್ಲಿಸಿವೆ. ಆಲ್ಪೈನ್ ಇನ್ನೂ ಕೊಡುತ್ತದೆ. ಸರ್ವರ್, ಕಂಟೇನರ್ ಕೆಲಸಕ್ಕೆ ಹೆಸರಾದ ಡಿಸ್ಟ್ರೊ (ಲಿನಕ್ಸಿನ ಒಂದು ರೂಪ) ಅದು, ಆದರೆ ಹಳೆ ಯಂತ್ರಕ್ಕೂ ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಜಿಲಿಬ್‌ಸಿ ಬದಲು ಮಸಲ್ ಅನ್ನೋ ಪುಟ್ಟ ಸಿ ಲೈಬ್ರರಿ, ಸಾಮಾನ್ಯ ಕಮಾಂಡ್‌ಗಳಿಗೆಲ್ಲ ಬಿಜಿಬಾಕ್ಸ್, ಸರ್ವಿಸ್ ಶುರು ಮಾಡಲು ಸಿಸ್ಟಮ್‌ಡಿ ಬದಲು ಓಪನ್‌ಆರ್‌ಸಿ. ಪ್ಯಾಕೇಜ್ (ತಂತ್ರಾಂಶದ ಕಟ್ಟು) ಹಾಕಲು, ತೆಗೆಯಲು ಎಪಿಕೆ. (ಮೊಬೈಲ್ ಆ್ಯಪ್‌ನ ಎಪಿಕೆ ಫೈಲ್‌ಗೂ ಇದಕ್ಕೂ ಸಂಬಂಧ ಇಲ್ಲ.)

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಸಣ್ಣ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಸಾಮಾನು

ಎಸ್‌ಪಿ ರೋಡಿನಲ್ಲಿ 2 ಜಿಬಿ ಡಿಡಿಆರ್2 ಲ್ಯಾಪ್‌ಟಾಪ್ ರ್‍ಯಾಮ್, ಸೆಕೆಂಡ್ ಹ್ಯಾಂಡ್, 400 ರೂಪಾಯಿ. ಒಂದೇ ಸ್ಲಾಟ್ ಇರುವುದರಿಂದ ಹಳೇ 1 ಜಿಬಿ ತೆಗೆದು ಇದನ್ನು ಹಾಕಬೇಕು. ಹಿಂಬದಿ ಮುಚ್ಚಳದ ಸ್ಕ್ರೂ ಬಿಚ್ಚಲು ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್ ಸಾಕು. ಹಾರ್ಡ್ ಡಿಸ್ಕ್ ಬದಲಿಸಲಿಲ್ಲ. ಸದ್ದು ಮಾಡುತ್ತದೆ, ಆದರೆ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್ ಕಾಣಲಿಲ್ಲ. ಮನೆಯಲ್ಲಿದ್ದ ಪೆನ್‌ಡ್ರೈವ್ ಒಂದು, ಲ್ಯಾನ್ ಕೇಬಲ್ ಒಂದು. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಕೊಳ್ಳಬೇಕು ಅಂತ ಈ ಹೊತ್ತಿಗೆ ಹೊಳೆಯಲಿಲ್ಲ.

ಹಂತ 2: ಇನ್‌ಸ್ಟಾಲ್

ಆಲ್ಪೈನ್ 3.22, ಎಕ್ಸ್86, ಸ್ಟ್ಯಾಂಡರ್ಡ್ ಐಎಸ್ಒ. ಅರ್ಧ ಜಿಬಿಗೂ ಕಡಿಮೆ. ನನ್ನ ಲ್ಯಾಪ್‌ಟಾಪಿನಿಂದ ಡಿಡಿ ಕಮಾಂಡ್ ಬಳಸಿ ಪೆನ್‌ಡ್ರೈವ್‌ಗೆ ಬರೆದೆ, ನೆಟ್‌ಬುಕ್‌ನಲ್ಲಿ ಎಫ್12 ಒತ್ತಿ ಬೂಟ್ ಮಾಡಿದೆ. ಕಪ್ಪು ಪರದೆ, ಲಾಗಿನ್ ಕೇಳುತ್ತದೆ. ರೂಟ್ ಅಂತ ಕೊಟ್ಟರೆ ಒಳಗೆ, ಪಾಸ್‌ವರ್ಡ್ ಇಲ್ಲ.

ಸೆಟಪ್-ಆಲ್ಪೈನ್

ಇದೊಂದು ಕಮಾಂಡ್ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಕೀಬೋರ್ಡ್, ಯಂತ್ರದ ಹೆಸರು, ನೆಟ್‌ವರ್ಕ್, ರೂಟ್ ಪಾಸ್‌ವರ್ಡ್, ಟೈಮ್‌ಝೋನ್ (ಏಷ್ಯಾ/ಕೋಲ್ಕತ್ತಾ), ಪ್ರಾಕ್ಸಿ, ಗಡಿಯಾರ ಸರಿಮಾಡುವ ಎನ್‌ಟಿಪಿ, ಯಾವ ಮಿರರ್ (ಪ್ಯಾಕೇಜ್ ಇಳಿಸುವ ಸರ್ವರ್), ಬಳಕೆದಾರ, ಬೇರೆ ಯಂತ್ರದಿಂದ ಒಳಬರುವ ಎಸ್‌ಎಸ್‌ಎಚ್, ಕೊನೆಗೆ ಡಿಸ್ಕ್. ಡಿಸ್ಕ್‌ಗೆ 'ಸಿಸ್' ಅಂತ ಕೊಟ್ಟರೆ ಮಾಮೂಲಿ ಇನ್‌ಸ್ಟಾಲ್. ಎನ್‌ಟಿಪಿ ಕೇಳಿದಾಗ 'ನನ್' ಅಂತ ಕೊಟ್ಟೆ. ಇಂಟರ್ನೆಟ್ ಇಲ್ಲದೇ ಬಳಸುವ ಯಂತ್ರ, ಇನ್ನೊಂದು ಸರ್ವಿಸ್ ಸುಮ್ನೆ ಯಾಕೆ ಓಡಬೇಕು ಅನ್ನೋ ಲೆಕ್ಕ.

ಮಿರರ್ ಕೇಳಿದಾಗ ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟೆ. ಅಲ್ಲಿಗೆ ನಿಂತಿತು. ಸರ್ಟಿಫಿಕೇಟ್ ನಂಬುವ ಹಾಗಿಲ್ಲ ಅಂತ ಎಚ್ಚರಿಕೆ, ಪ್ಯಾಕೇಜ್ ಪಟ್ಟಿ ಇಳಿಯಲಿಲ್ಲ. ಕೇಬಲ್ ಬದಲಿಸಿದೆ. ಅದೇ. ಕೇಬಲ್ ಬಿಟ್ಟು ಮೊಬೈಲನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿದೆ (ಆಲ್ಪೈನ್‌ನಲ್ಲಿ ಅದು ಯುಎಸ್‌ಬಿ0 ಅಂತ ಕಾಣುತ್ತದೆ, 'ಯುಡಿಎಚ್‌ಸಿಪಿಸಿ -ಐ ಯುಎಸ್‌ಬಿ0' ಕೊಟ್ಟರೆ ಐಪಿ ಸಿಗುತ್ತದೆ). ಅದೂ ಅದೇ. ಪಿಂಗ್ ಸರಾಗವಾಗಿ ಹೋಗುತ್ತಿತ್ತು, ಅಂದರೆ ನೆಟ್ ಸರಿ ಇದೆ.

'ಡೇಟ್' ಅಂತ ಕೊಟ್ಟು ನೋಡಿದೆ. 2009, ಜನವರಿ 1.

ಗುಂಡು ಬ್ಯಾಟರಿ ಸತ್ತಿದೆ. ಯಂತ್ರದ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ನಂಬುವುದೆಲ್ಲಿಂದ? 'ಡೇಟ್ -ಎಸ್' ಕೊಟ್ಟು ಇವತ್ತಿನ ದಿನ, ಸಮಯ ಹಾಕಿದೆ. 'ಹೆಚ್‌ಡಬ್ಲ್ಯೂಕ್ಲಾಕ್ -ಡಬ್ಲ್ಯೂ' ಕೊಟ್ಟು ಹಾರ್ಡ್‌ವೇರ್ ಗಡಿಯಾರಕ್ಕೂ ಬರೆದೆ. ಸೆಟಪ್ ಮತ್ತೆ ಮೊದಲಿಂದ ಶುರು ಮಾಡಿದರೆ ಮಿರರ್ ತಕ್ಷಣ ಒಪ್ಪಿಕೊಂಡಿತು.

ಆಲ್ಪೈನ್ ಪ್ಯಾಕೇಜ್‌ಗಳ ಪಟ್ಟಿಗೆ ಅವರದೇ ಸಹಿ ಇರುತ್ತದೆ, ಅದನ್ನು ಪರೀಕ್ಷಿಸುವ ಕೀಗಳು /ಇಟಿಸಿ/ಎಪಿಕೆ/ಕೀಸ್ ಒಳಗಿರುತ್ತವೆ. ಹಾಗಾಗಿ ಸುಮ್ಮನೆ ಎಚ್‌ಟಿಟಿಪಿ ವಿಳಾಸ ಹಾಕಿದ್ದರೂ ನಡೆಯುತ್ತಿತ್ತು. ಆದರೆ ಗಡಿಯಾರ ಕೆಟ್ಟಿರುವುದು ಬೇರೆಲ್ಲೋ ಮತ್ತೆ ಕಾಡುತ್ತಿತ್ತು, ಈಗಲೇ ಸಿಕ್ಕಿದ್ದು ಒಳ್ಳೆಯದೇ ಆಯಿತು. ಮರುದಿನ ಸಿಆರ್2032 ಬ್ಯಾಟರಿ ತಂದೆ. ಈ ಮಾದರಿಯಲ್ಲಿ ಅದು ಎರಡು ವೈರು, ಸಣ್ಣ ಕನೆಕ್ಟರ್ ಇರುವಂಥದ್ದು, ಬರೀ ಗುಂಡು ಸೆಲ್ ಆಗುವುದಿಲ್ಲ. 150 ರೂಪಾಯಿ.

ಆಮೇಲೆ ಮನಸ್ಸು ಬದಲಿಸಿ ಗಡಿಯಾರ ಸರಿಮಾಡುವ ಕ್ರೋನಿಯನ್ನೂ ಹಾಕಿದೆ:

ಎಪಿಕೆ ಆಡ್ ಕ್ರೋನಿ
ಆರ್‌ಸಿ-ಅಪ್‌ಡೇಟ್ ಆಡ್ ಕ್ರೋನಿಡಿ
ಆರ್‌ಸಿ-ಸರ್ವಿಸ್ ಕ್ರೋನಿಡಿ ಸ್ಟಾರ್ಟ್

ಡೆಬಿಯನ್ ಕಡೆಯಿಂದ ಬಂದವರು ಇಲ್ಲೊಂದು ಗಮನಿಸಿ. ಎಪಿಕೆ ಸರ್ವಿಸನ್ನು ಹಾಕುತ್ತದೆ ಅಷ್ಟೇ, ತಾನಾಗಿ ಶುರು ಮಾಡುವುದಿಲ್ಲ. ಎರಡನೇ ಸಾಲು ಬಿಟ್ಟರೆ ಮುಂದಿನ ಬೂಟ್‌ನಲ್ಲಿ ಅದು ಓಡುವುದೇ ಇಲ್ಲ. ನನಗೆ ಇದೇ ಪದ್ಧತಿ ಇಷ್ಟ.

ಹಂತ 3: ಪ್ಯಾಕೇಜ್ ಇಲ್ಲ ಅನ್ನುತ್ತಿದೆ

ಹೊಸ ಸಿಸ್ಟಮ್ ಬೂಟ್ ಆಯಿತು. 'ಫ್ರೀ -ಎಂ' ನೋಡಿದರೆ ರ್‍ಯಾಮ್ ಬಳಕೆ ನೂರು ಎಂಬಿಯೂ ಇಲ್ಲ. ಸಾಧಾರಣ ಬಳಕೆದಾರನಾಗಿ ಲಾಗಿನ್ ಆದೆ. ರೂಟ್ ಅಧಿಕಾರದಿಂದ ಕಮಾಂಡ್ ಓಡಿಸಲು ಇಲ್ಲಿ ಸುಡೊ ಬದಲು 'ಡೋಆಸ್' ಇರುತ್ತದೆ. ಮುಂದಿನ ಎಪಿಕೆ ಕಮಾಂಡ್‌ಗಳ ಮೊದಲಿಗೆಲ್ಲ ಅದು ಇದೆ ಅಂದುಕೊಳ್ಳಿ.

ಎಪಿಕೆ ಆಡ್ ಎಕ್ಸ್‌ಆರ್ಗ್-ಸರ್ವರ್ ಎಕ್ಸ್‌ಇನಿಟ್ ಓಪನ್‌ಬಾಕ್ಸ್ ಮೌಸ್‌ಪ್ಯಾಡ್

ಎಕ್ಸ್ ಅಂದರೆ ಪರದೆಗೆ ಚಿತ್ರ ತರುವ ವ್ಯವಸ್ಥೆ, ಓಪನ್‌ಬಾಕ್ಸ್ ಕಿಟಕಿಗಳನ್ನು ನೋಡಿಕೊಳ್ಳುತ್ತದೆ, ಮೌಸ್‌ಪ್ಯಾಡ್ ಅನ್ನೋದು ಎಡಿಟರ್. ಉತ್ತರ: ಪ್ಯಾಕೇಜ್ ಆರಿಸಲು ಆಗಲಿಲ್ಲ. ಕೆಳಗೆ ಒಂದೊಂದರ ಮುಂದೂ 'ಇಂಥ ಪ್ಯಾಕೇಜ್ ಇಲ್ಲ', ಅದರ ಕೆಳಗೆ 'ಯಾರಿಗೆ ಬೇಕು: ವರ್ಲ್ಡ್, ಆವರಣದಲ್ಲಿ ಮೌಸ್‌ಪ್ಯಾಡ್'.

ಕಾರಣ ಸರಳ. ಆಲ್ಪೈನ್‌ಗೆ ಎರಡು ರೆಪೊ (ಪ್ಯಾಕೇಜ್ ಭಂಡಾರ) ಇವೆ, ಮೇನ್ ಮತ್ತು ಕಮ್ಯೂನಿಟಿ. ಡೆಸ್ಕ್‌ಟಾಪಿಗೆ ಬೇಕಾದ್ದು ಬಹುಪಾಲು ಕಮ್ಯೂನಿಟಿಯಲ್ಲಿದೆ. ನನ್ನ /ಇಟಿಸಿ/ಎಪಿಕೆ/ರೆಪೊಸಿಟರೀಸ್ ಫೈಲ್‌ನಲ್ಲಿ ಆ ಸಾಲಿನ ಮುಂದೆ ಹ್ಯಾಶ್ ಗುರುತಿತ್ತು. ವಿಐನಲ್ಲಿ ತೆರೆದು ಅದನ್ನು ಅಳಿಸಿದೆ. ವಿಐ ಬೇಡ ಅನ್ನುವವರಿಗೆ 'ಸೆಟಪ್-ಎಪಿಕೆರೆಪೊಸ್ -ಸಿ' ಅದೇ ಕೆಲಸ ಮಾಡುತ್ತದೆ. ಆಮೇಲೆ 'ಎಪಿಕೆ ಅಪ್‌ಡೇಟ್'.

ಆ ದೋಷದ ಸಂದೇಶದಲ್ಲಿ 'ವರ್ಲ್ಡ್' ಅಂತ ಇತ್ತಲ್ಲ, ಅದನ್ನು ಆಗ ಓದದೆ ದಾಟಿಬಿಟ್ಟೆ. ಎಪಿಕೆ ಅರ್ಥವಾಗುವುದು ಅಲ್ಲಿಂದಲೇ.

/ಇಟಿಸಿ/ಎಪಿಕೆ/ವರ್ಲ್ಡ್ ಅನ್ನೋದು ಒಂದು ಸಾದಾ ಪಠ್ಯ ಫೈಲ್. ಸಾಲಿಗೊಂದು ಹೆಸರು. ನಾವಾಗಿ ಬೇಕು ಅಂತ ಕೇಳಿದ ಪ್ಯಾಕೇಜ್‌ಗಳು ಮಾತ್ರ ಅದರಲ್ಲಿರುತ್ತವೆ, ಅವುಗಳ ಜೊತೆ ಬಂದ ನೂರಾರು ಲೈಬ್ರರಿ ಇರುವುದಿಲ್ಲ. 'ಎಪಿಕೆ ಆಡ್' ಮಾಡುವುದು ಎರಡು ಕೆಲಸ. ಹೆಸರನ್ನು ಆ ಪಟ್ಟಿಗೆ ಸೇರಿಸುತ್ತದೆ, ಆಮೇಲೆ ಇಡೀ ಸಿಸ್ಟಮನ್ನು ಆ ಪಟ್ಟಿಗೆ ಹೊಂದಿಸುತ್ತದೆ. ಪಟ್ಟಿಗೆ ಬೇಕಾದ್ದು ಇಲ್ಲದಿದ್ದರೆ ತರುತ್ತದೆ, ಪಟ್ಟಿಗೆ ಬೇಡವಾದ್ದು ಇದ್ದರೆ ತೆಗೆಯುತ್ತದೆ. ಡೆಬಿಯನ್‌ನ ಎಪಿಟಿಯಲ್ಲಿ ಆಗಾಗ 'ಆಟೋರಿಮೂವ್' ಮಾಡಿ ಕಸ ಗುಡಿಸಬೇಕಲ್ವಾ, ಇಲ್ಲಿ ಆ ಕೆಲಸ ತಾನಾಗೇ ಆಗುತ್ತದೆ.

ಹಂತ 4: ಪರದೆ ಬಂತು, ಕೀಬೋರ್ಡ್ ಸತ್ತಿತು

ಕಮ್ಯೂನಿಟಿ ತೆರೆದ ಮೇಲೆ ಮೇಲಿನ ಕಮಾಂಡ್ ಸರಾಗವಾಗಿ ಓಡಿತು. ಆವರಣದಲ್ಲಿ ಎಣಿಕೆ ಹಾಕುತ್ತಾ ಒಂದೊಂದೇ ಸಾಲು ಹರಿಯುತ್ತದೆ, ಕೊನೆಗೆ 'ಓಕೆ', ಒಟ್ಟು ಎಷ್ಟು ಎಂಬಿ, ಎಷ್ಟು ಪ್ಯಾಕೇಜ್ ಅಂತ ಒಂದೇ ಸಾಲು. ಈ ಹಳೆ ಆಟಮ್ ಮೇಲೂ ಎಪಿಕೆಯ ವೇಗ ನೋಡಿ ಖುಷಿಯಾಯಿತು. ಬಿಚ್ಚಿ ಹಾಕುವುದು ಇಳಿಸುವುದಕ್ಕಿಂತ ಬೇಗ ಮುಗಿಯಿತು.

ಲಿಬ್‌ಇನ್‌ಪುಟ್ ಅನ್ನೋ ಕೀಬೋರ್ಡ್-ಮೌಸ್ ಡ್ರೈವರ್ ಹಾಕಿದೆ. ಬಳಕೆದಾರನನ್ನು ವಿಡಿಯೊ, ಇನ್‌ಪುಟ್ ಎರಡೂ ಗ್ರೂಪ್‌ಗೆ ಸೇರಿಸಿದೆ. 'ಸ್ಟಾರ್ಟ್‌ಎಕ್ಸ್'.

ಬೂದು ಪರದೆ ಬಂತು. ಮಧ್ಯದಲ್ಲಿ ಮೌಸ್ ಬಾಣವೂ ಬಂತು. ಬಾಣ ಅಲ್ಲಾಡಲಿಲ್ಲ. ಟಚ್‌ಪ್ಯಾಡ್ ಉಜ್ಜಿದೆ, ಯುಎಸ್‌ಬಿ ಮೌಸ್ ಸಿಕ್ಕಿಸಿದೆ, ಏನೂ ಇಲ್ಲ. ಕಂಟ್ರೋಲ್-ಆಲ್ಟ್-ಎಫ್2 ಒತ್ತಿದರೂ ಕನ್ಸೋಲ್‌ಗೆ ವಾಪಸ್ ಹೋಗಲಿಲ್ಲ. ಪುಣ್ಯಕ್ಕೆ ಇನ್‌ಸ್ಟಾಲ್ ಮಾಡುವಾಗ ಎಸ್‌ಎಸ್‌ಎಚ್‌ಗೆ ಹೂಂ ಅಂದಿದ್ದೆ. ನನ್ನ ಲ್ಯಾಪ್‌ಟಾಪಿನಿಂದ ಒಳಹೊಕ್ಕು ಎಕ್ಸ್ ಅನ್ನು ನಿಲ್ಲಿಸಿದೆ.

ಆಲ್ಪೈನ್‌ನಲ್ಲಿ ಹಾರ್ಡ್‌ವೇರ್ ನೋಡಿಕೊಳ್ಳುವುದು ಮೊದಲಿಗೆ ಬಿಜಿಬಾಕ್ಸ್‌ನ ಎಂಡೆವ್. ಸರ್ವರ್‌ಗೆ ಅದು ಸಾಕು. ಆದರೆ ಯಾವ ಕೀಬೋರ್ಡ್ ಎಲ್ಲಿದೆ ಅಂತ ಲಿಬ್‌ಇನ್‌ಪುಟ್ ಯುಡೆವ್ ಹತ್ತಿರ ಕೇಳುತ್ತದೆ. ಯುಡೆವ್ ಇಲ್ಲದಿದ್ದರೆ ಅದರ ಪಾಲಿಗೆ ಕೀಬೋರ್ಡೇ ಇಲ್ಲ. ಒಂದೊಂದೇ ಪ್ಯಾಕೇಜ್ ಕೈಯಿಂದ ಆರಿಸುವ ಹುರುಪಿನಲ್ಲಿ ಇದು ತಪ್ಪಿಹೋಗಿತ್ತು. ಇದಕ್ಕೆ ಅಂತಲೇ ಒಂದು ಸ್ಕ್ರಿಪ್ಟ್ ಇದೆ:

ಸೆಟಪ್-ಎಕ್ಸ್‌ಆರ್ಗ್-ಬೇಸ್

ಇದು ಎಕ್ಸ್ ಸರ್ವರ್, ಡ್ರೈವರ್ ಹಾಕಿ ಎಂಡೆವ್ ಜಾಗಕ್ಕೆ ಯುಡೆವ್ ಕೂರಿಸುತ್ತದೆ. ಅದು ಮುಗಿದ ಮೇಲೆ ಒಮ್ಮೆ ರೀಬೂಟ್ ಮಾಡಿ ಸ್ಟಾರ್ಟ್‌ಎಕ್ಸ್ ಕೊಟ್ಟೆ, ಬಾಣ ಓಡಾಡಿತು. ಪೂರ್ತಿ ಡೆಸ್ಕ್‌ಟಾಪ್ ಬೇಕಾದವರಿಗೆ 'ಸೆಟಪ್-ಡೆಸ್ಕ್‌ಟಾಪ್' ಅಂತ ಇನ್ನೊಂದು ಇದೆ, ಎಕ್ಸ್‌ಎಫ್‌ಸಿಇ, ಗ್ನೋಮ್, ಕೆಡಿಇ ಹಾಕಿಕೊಡುತ್ತದೆ. ನಮಗೆ ಓಪನ್‌ಬಾಕ್ಸ್ ಸಾಕು.

ವೈಫೈ ಬಗ್ಗೆ ಹೇಳಲು ಏನೂ ಇಲ್ಲ. ಅಥೆರೋಸ್ ಚಿಪ್, ಎಟಿಎಚ್5ಕೆ ಡ್ರೈವರ್, ಫರ್ಮ್‌ವೇರ್ ಬೇಡ.

ಹಂತ 5: ಪೆಟ್ಟಿಗೆ ಹೋಗಿ ಅಕ್ಷರ ಬರಬೇಕು

ಮೌಸ್‌ಪ್ಯಾಡ್‌ನಲ್ಲಿ ಒಂದು ಕನ್ನಡ ಫೈಲ್ ತೆರೆದೆ. ಸಾಲುಸಾಲು ಖಾಲಿ ಚೌಕಗಳು. ನಿರೀಕ್ಷಿಸಿದ್ದೇ, ಫಾಂಟ್ ಒಂದೂ ಹಾಕಿರಲಿಲ್ಲ. ಹುಡುಕಲು:

ಎಪಿಕೆ ಸರ್ಚ್ ಕನ್ನಡ (ಇಂಗ್ಲಿಷ್ ಅಕ್ಷರದಲ್ಲಿ)

'ಫಾಂಟ್-ನೋಟೊ-ಕನ್ನಡ' ಸಿಕ್ಕಿತು. ನೋಟೊ ಕುಟುಂಬವನ್ನು ಇಲ್ಲಿ ಲಿಪಿವಾರು ಒಡೆದು ಇಟ್ಟಿದ್ದಾರೆ. ಸಿಕ್ಕಸಿಕ್ಕ ಲಿಪಿಗಳನ್ನೆಲ್ಲ ಹೊರಬೇಕಿಲ್ಲ, ಕನ್ನಡದ್ದು ಒಂದು ಸಾಕು. ಹಾಕಿದ ಮೇಲೆ 'ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್' ಕೊಟ್ಟರೆ ಕನ್ನಡ ಬಲ್ಲ ಫಾಂಟ್‌ಗಳ ಪಟ್ಟಿ ಬರುತ್ತದೆ. ಮೌಸ್‌ಪ್ಯಾಡ್ ಮುಚ್ಚಿ ತೆರೆದೆ. ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾದ ಜಾಗದಲ್ಲಿ ಕೂತವು. ಟರ್ಮಿನಲ್‌ನಲ್ಲಿ ಮಾತ್ರ ಅವಸ್ಥೆ ಬೇರೆ. ಎಕ್ಸ್‌ಟರ್ಮ್ ಒಂದೊಂದು ಅಕ್ಷರವನ್ನು ಒಂದೊಂದು ಚೌಕದೊಳಗೆ ತುರುಕುತ್ತದೆ, ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಫೈಲ್‌ಗೆ ಕನ್ನಡ ಹೆಸರು ಕೊಟ್ಟರೆ ಎಲ್‌ಎಸ್ ಮಾಡಿದಾಗ ಓದಲು ಕಷ್ಟ. ಚಿಕ್ಕಪ್ಪ ಟರ್ಮಿನಲ್ ನೋಡುವುದಿಲ್ಲ ಅಂತ ಬಿಟ್ಟೆ. ಫೈಲ್ ನೋಡಲು ಪಿಸಿಮ್ಯಾನ್‌ಎಫ್‌ಎಂ ಹಾಕಿದೆ, ಅದರಲ್ಲಿ ಹೆಸರುಗಳು ಸರಿಯಾಗಿ ಕಾಣುತ್ತವೆ.

ಕೀಬೋರ್ಡ್. ಲಿನಕ್ಸ್‌ನ ಎಕ್ಸ್‌ಕೆಬಿಯಲ್ಲಿ ಕನ್ನಡಕ್ಕೆ ಎರಡು ವಿನ್ಯಾಸ ಇವೆ. ಬರೀ 'ಕೆಎಎನ್' ಅಂದರೆ ಇನ್‌ಸ್ಕ್ರಿಪ್ಟ್ ತರಹದ್ದು. 'ಕೆಎಎನ್-ಕಗಪ' ಅಂದರೆ ನಮಗೆ ಬೇಕಾದ್ದು. 'ಸೆಟ್‌ಎಕ್ಸ್‌ಕೆಬಿಮ್ಯಾಪ್' ಕಮಾಂಡ್ ಯಾವ ಪ್ಯಾಕೇಜಿನಲ್ಲಿದೆ ಅಂತ ಗೊತ್ತಿಲ್ಲದಿದ್ದರೆ 'ಎಪಿಕೆ ಸರ್ಚ್ ಸಿಎಂಡಿ:ಸೆಟ್‌ಎಕ್ಸ್‌ಕೆಬಿಮ್ಯಾಪ್'. ಪ್ಯಾಕೇಜ್ ಹೆಸರು ಗೊತ್ತಿಲ್ಲ, ಕಮಾಂಡ್ ಹೆಸರು ಗೊತ್ತು ಅನ್ನುವಾಗ ಈ 'ಸಿಎಂಡಿ:' ತುಂಬ ಉಪಯೋಗ. ಎಕ್ಸ್‌ಇನಿಟ್‌ಆರ್‌ಸಿ ಫೈಲ್‌ನಲ್ಲಿ ಬರೆದ ಸಾಲು:

ಸೆಟ್‌ಎಕ್ಸ್‌ಕೆಬಿಮ್ಯಾಪ್ -ಲೇಔಟ್ ಯುಎಸ್,ಇನ್ -ವೇರಿಯಂಟ್ ,ಕೆಎಎನ್-ಕಗಪ -ಆಪ್ಷನ್ ಜಿಆರ್‌ಪಿ:ಕ್ಯಾಪ್ಸ್_ಟಾಗಲ್

ವೇರಿಯಂಟ್ ಹೆಸರಿನ ಮೊದಲಿನ ಅಲ್ಪವಿರಾಮ ಬಿಟ್ಟರೆ ಅದು ಇಂಗ್ಲಿಷ್ ವಿನ್ಯಾಸಕ್ಕೆ ಅಂಟಿಕೊಂಡು ದೋಷ ಕೊಡುತ್ತದೆ. ಕ್ಯಾಪ್ಸ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಕಗಪದಲ್ಲಿ ಶಿಫ್ಟ್ ಒತ್ತಿದರೆ ಬೇರೆ ಅಕ್ಷರವೇ ಬರುವುದರಿಂದ ಕ್ಯಾಪ್ಸ್ ಲಾಕ್‌ಗೆ ಬೇರೆ ಕೆಲಸ ಇಲ್ಲ.

ಚಿಕ್ಕಪ್ಪನನ್ನು ಕರೆದು ಕೂರಿಸಿದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ. 'ಕನ್ನಡ' ಬಂತು. ಮುಖ ಅರಳಿತು. ಮುಂದಿನ ಪದಕ್ಕೇ ನಿಂತರು.

"ಇದೇನೋ, 'ಇವರು' ಅಂತ ಹೊಡೆದರೆ ಬರೀ ಗುಡಿಸು ಬರ್ತಿದೆ?"

"ಬಲಗಡೆ ಆಲ್ಟ್ ಹಿಡ್ಕೊಂಡು ಐ ಒತ್ತಿ ಚಿಕ್ಕಪ್ಪ."

"ನುಡಿಯಲ್ಲಿ ಹಂಗಿರ್ಲಿಲ್ಲ."

ನಿಜ, ಇರಲಿಲ್ಲ. ನುಡಿ ಹಿಂದಿನ ಅಕ್ಷರ ನೋಡಿ ತೀರ್ಮಾನ ಮಾಡುತ್ತದೆ. ಹಿಂದೆ ವ್ಯಂಜನ ಇದ್ದರೆ ಗುಡಿಸು ಕೊಡುತ್ತದೆ, ಖಾಲಿ ಜಾಗ ಇದ್ದರೆ 'ಇ' ಕೊಡುತ್ತದೆ. ಎಕ್ಸ್‌ಕೆಬಿಗೆ ಹಿಂದೆ ಏನಿದೆ ಅನ್ನುವುದೇ ಗೊತ್ತಿಲ್ಲ. ಒಂದು ಕೀ ಒತ್ತಿದರೆ ಅದಕ್ಕೆ ಕಟ್ಟಿಟ್ಟ ಒಂದು ಚಿಹ್ನೆ, ಮುಗಿಯಿತು. ಹಾಗಾಗಿ ಬಿಡಿ ಸ್ವರಗಳನ್ನು ಬಲ ಆಲ್ಟ್ ಜೊತೆ ಇಟ್ಟಿದ್ದಾರೆ. ಹಿಂದಿನ ಅಕ್ಷರ ನೋಡುವಂಥದ್ದು ಬೇಕಿದ್ದರೆ ಐಬಸ್‌ನಂಥ ಇನ್ನೊಂದು ಪದರ ಹಾಕಬೇಕು. ಅದರ ಬೆನ್ನಿಗೆ ಹಿನ್ನೆಲೆಯಲ್ಲಿ ಓಡುವ ಸರ್ವಿಸ್, ಅದರ ಸೆಟ್ಟಿಂಗ್, ಅದು ಕೈಕೊಟ್ಟಾಗ ನನಗೆ ಫೋನ್. ಬೇಡ ಅನ್ನಿಸಿತು. ಪದದ ಮೊದಲಲ್ಲಿ ಮಾತ್ರ ಬೇಕಾಗುವ ಕೀ ಅಲ್ವಾ, ರೂಢಿಯಾಗುತ್ತದೆ ಅಂದೆ. ಅವರು ಒಪ್ಪಲಿಲ್ಲ, ಆದರೆ ಟೈಪ್ ಮಾಡುವುದನ್ನು ನಿಲ್ಲಿಸಲೂ ಇಲ್ಲ.

ನೋಟೊ ಅಕ್ಷರ ತೆಳು ಅಂತ ಇನ್ನೊಂದು ದೂರು. ನವಿಲು ಫಾಂಟ್‌ನ ಟಿಟಿಎಫ್ ಫೈಲ್ ನನ್ನ ಹತ್ತಿರ ಇತ್ತು. ಅವರ ಹೋಮ್ ಫೋಲ್ಡರಿನ ಫಾಂಟ್ಸ್ ಒಳಗೆ ಹಾಕಿ 'ಎಫ್‌ಸಿ-ಕ್ಯಾಶ್ -ಎಫ್' ಕೊಟ್ಟೆ. ಇದು ಎಪಿಕೆ ಲೆಕ್ಕದಿಂದ ಹೊರಗಿನ ಮಾಲು. ವರ್ಲ್ಡ್ ಪಟ್ಟಿಯಲ್ಲಿ ಬರುವುದಿಲ್ಲ, ಯಂತ್ರ ಹೊಸದಾಗಿ ಕಟ್ಟುವಾಗ ನೆನಪಿಟ್ಟು ನಾನೇ ಹಾಕಬೇಕು.

ಹಂತ 6: ಹಳೇ ನುಡಿ ಫೈಲ್‌ಗಳು

ಚಿಕ್ಕಪ್ಪನ ಸಿಡಿಯಲ್ಲಿ ಹಳೆ ಫೈಲ್‌ಗಳ ರಾಶಿ ಇದೆ. ಯೂನಿಕೋಡ್ ಬರುವ ಮುಂಚಿನ ನುಡಿ ಆಸ್ಕಿಯಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದೆ ತೆರೆದರೆ 'ಕನ್ನಡ' ಅನ್ನುವ ಜಾಗದಲ್ಲಿ ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಹೊತ್ತ ಎ, ಪೌಂಡ್ ಗುರುತು ಕಾಣುತ್ತವೆ. ಇದನ್ನು ಯೂನಿಕೋಡ್‌ಗೆ ತಿರುಗಿಸಲು ನಾನು ಹಿಂದೆ ಬರೆದ ಸಣ್ಣ ಸಿ ಪ್ರೋಗ್ರಾಂ ಇತ್ತು. ಅದರಲ್ಲಿ ತಲೆನೋವಿನ ಭಾಗ ಅರ್ಕಾವತ್ತು. 'ಸೂರ್ಯ' ಬರೆದರೆ ಆಸ್ಕಿಯಲ್ಲಿ ಆ 'ರ' 'ಯ' ಅಕ್ಷರದ ನಂತರ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯೂನಿಕೋಡ್‌ನಲ್ಲಿ ಅದು ಮುಂಚೆ ಬರಬೇಕು, ಉಚ್ಚಾರದ ಕ್ರಮದಲ್ಲಿ. ಪ್ರೋಗ್ರಾಂ ಹಿಂದೆ ಹೋಗಿ ಸರಿಯಾದ ಜಾಗ ಹುಡುಕಿ ತೂರಿಸುತ್ತದೆ.

ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ 32-ಬಿಟ್‌ಗೆ ಕಟ್ಟಿ (ಕಂಪೈಲ್ ಮಾಡಿ) ಪೆನ್‌ಡ್ರೈವ್‌ನಲ್ಲಿ ತಂದು ಓಡಿಸಿದೆ. ಆಲ್ಪೈನ್ ಹೇಳಿತು: 'ನಾಟ್ ಫೌಂಡ್'. ಎಲ್‌ಎಸ್ ಮಾಡಿದರೆ ಫೈಲ್ ಎದುರಿಗೇ ಇದೆ. ಓಡಿಸುವ ಅನುಮತಿಯೂ ಇದೆ. ಸಿಗಲಿಲ್ಲ ಅಂದದ್ದು ನನ್ನ ಫೈಲ್ ಬಗ್ಗೆ ಅಲ್ಲ, ಅದು ಓಡಲು ಬೇಕಾದ ಜಿಲಿಬ್‌ಸಿಯ ಲೋಡರ್ ಬಗ್ಗೆ. ಆಲ್ಪೈನ್‌ನಲ್ಲಿ ಇರುವುದು ಮಸಲ್. ಬೇರೆ ಡಿಸ್ಟ್ರೊದಲ್ಲಿ ಕಟ್ಟಿದ ಪ್ರೋಗ್ರಾಂ ತಂದರೆ ಮೊದಲು ಎದುರಾಗುವುದೇ ಈ ಸಂದೇಶ, ಮತ್ತು ಇದಕ್ಕಿಂತ ದಾರಿ ತಪ್ಪಿಸುವ ಸಂದೇಶ ಇನ್ನೊಂದಿಲ್ಲ. 'ಜಿಕಂಪ್ಯಾಟ್' ಅನ್ನೋ ಪ್ಯಾಕೇಜ್ ಕೆಲವು ಪ್ರೋಗ್ರಾಂಗಳನ್ನು ಓಡಿಸುತ್ತದೆ. ಆದರೆ ಮೂಲ ಕೋಡ್ ಕೈಯಲ್ಲೇ ಇರುವಾಗ ಇಲ್ಲೇ ಕಟ್ಟುವುದು ಸರಿ, ಅದಕ್ಕೆ ಜಿಸಿಸಿ ಕಂಪೈಲರ್ ಬೇಕು.

ಎಪಿಕೆ ಆಡ್ ಜಿಸಿಸಿ

ಕಟ್ಟಲು ಹೋದರೆ 'ಎಸ್‌ಟಿಡಿಐಓ.ಎಚ್' ಸಿಗಲಿಲ್ಲ ಅಂತು. ಆಲ್ಪೈನ್‌ನಲ್ಲಿ ಹೆಡರ್ ಫೈಲ್‌ಗಳು ಪ್ರತ್ಯೇಕ, '-ಡೆವ್' ಬಾಲ ಇರುವ ಪ್ಯಾಕೇಜಿನಲ್ಲಿ. ಇದಕ್ಕೆ ಬೇಕಿದ್ದದ್ದು 'ಮಸಲ್-ಡೆವ್'. ದಸ್ತಾವೇಜು ಕೂಡ ಹಾಗೇ, '-ಡಾಕ್' ಪ್ಯಾಕೇಜಿನಲ್ಲಿ. ಮ್ಯಾನ್ ಪುಟ ಕಾಣದೆ ಗಾಬರಿಯಾಗುವವರು 'ಎಪಿಕೆ ಆಡ್ ಮ್ಯಾಂಡಾಕ್ ಡಾಕ್ಸ್' ಮಾಡಿ ನೋಡಿ.

ಜಿಸಿಸಿ ಇಲ್ಲಿ ಒಂದೇ ಸಲ ಬೇಕು, ಆಮೇಲೆ ಬೇಡ. ಅದನ್ನು ತೆಗೆದು ಬೇರೆ ದಾರಿ ಹಿಡಿದೆ:

ಎಪಿಕೆ ಡೆಲ್ ಜಿಸಿಸಿ
ಎಪಿಕೆ ಆಡ್ --ವರ್ಚುವಲ್ .ಕಟ್ಟಲು ಬಿಲ್ಡ್-ಬೇಸ್

'.ಕಟ್ಟಲು' ಅನ್ನೋದು ನಾನಿಟ್ಟ ಹೆಸರು, ಏನು ಬೇಕಾದರೂ ಇಡಬಹುದು. ಎಪಿಕೆ ಆ ಹೆಸರಿನ ಒಂದು ಖಾಲಿ ಪ್ಯಾಕೇಜ್ ಹುಟ್ಟಿಸಿ, ಬಿಲ್ಡ್-ಬೇಸ್ ಅದಕ್ಕೆ ಬೇಕು ಅಂತ ಬರೆದುಕೊಳ್ಳುತ್ತದೆ. ವರ್ಲ್ಡ್ ಪಟ್ಟಿಗೆ ಸೇರುವುದು ಆ ಒಂದು ಹೆಸರು ಮಾತ್ರ. ಬಿಲ್ಡ್-ಬೇಸ್ ಜೊತೆಗೆ ಜಿಸಿಸಿ, ಮೇಕ್, ಹೆಡರ್‌ಗಳು, ಇನ್ನೂ ಏನೇನೋ ಇಳಿದವು. ಪ್ರೋಗ್ರಾಂ ಕಟ್ಟಿ, ಒಂದು ಫೈಲ್ ತಿರುಗಿಸಿ ನೋಡಿ, ಸರಿ ಬಂದ ಮೇಲೆ:

ಎಪಿಕೆ ಡೆಲ್ .ಕಟ್ಟಲು

ಬಂದದ್ದೆಲ್ಲ ಹೋಯಿತು, ಬಾಲ ಉಳಿಯಲಿಲ್ಲ. ಕಟ್ಟಿದ ಪ್ರೋಗ್ರಾಂ ಉಳಿಯಿತು. ಡಾಕರ್ ಫೈಲ್‌ಗಳಲ್ಲಿ ಈ ತಂತ್ರ ನೋಡಿದ್ದೆ, ನೆಟ್‌ಬುಕ್‌ನಲ್ಲಿ ಬಳಸುತ್ತೇನೆ ಅಂದುಕೊಂಡಿರಲಿಲ್ಲ.

ಹಂತ 7: ಪಟ್ಟಿ ಸೋಸುವುದು

ಇಷ್ಟು ಹೊತ್ತಿಗೆ ಪರೀಕ್ಷೆಗೆ ಅಂತ ಹಾಕಿದ್ದು ಸಾಕಷ್ಟು ಸೇರಿತ್ತು. ವರ್ಲ್ಡ್ ಫೈಲ್ ತೆರೆದು ಸಾಲುಸಾಲು ಓದಿದೆ. ಹೆಸರು ನೋಡಿ ಯಾಕೆ ಹಾಕಿದ್ದು ಅಂತ ಹೇಳಲು ಬರದಿದ್ದರೆ ತೆಗೆಯುವುದು, ಅಷ್ಟೇ ನಿಯಮ. ಎಚ್‌ಟಾಪ್ ಹೋಯಿತು. ಇನ್ನೊಂದು ಎಡಿಟರ್ ಹೋಯಿತು. ಫಾಂಟ್‌ಕಾನ್ಫಿಗ್ ಅಂತ ಒಂದು ಸಾಲಿತ್ತು, ಎಫ್‌ಸಿ-ಲಿಸ್ಟ್ ಕಮಾಂಡ್‌ಗೋಸ್ಕರ ಕೈಯಿಂದ ಹಾಕಿದ್ದು. 'ಎಪಿಕೆ ಡೆಲ್ ಫಾಂಟ್‌ಕಾನ್ಫಿಗ್' ಕೊಟ್ಟೆ. ವರ್ಲ್ಡ್ ಬದಲಾಯಿತು, ಆದರೆ ಈ ಪ್ಯಾಕೇಜನ್ನು ತೆಗೆಯಲಿಲ್ಲ ಅಂತ ಹೇಳಿ, ಅದು ಯಾರಿಗೆ ಬೇಕು ಅನ್ನುವುದನ್ನೂ ಕೆಳಗೆ ಪಟ್ಟಿ ಮಾಡಿತು. ಇದು ದೋಷ ಅಲ್ಲ. ನೀನು ಕೇಳುವುದನ್ನು ನಿಲ್ಲಿಸಿದ್ದೀಯ, ಬೇರೆಯವರು ಇನ್ನೂ ಕೇಳುತ್ತಿದ್ದಾರೆ ಅಂತ ಅರ್ಥ. ನನ್ನ ಪಟ್ಟಿಯಿಂದ ಒಂದು ಸಾಲು ಕಡಿಮೆಯಾಯಿತು, ಯಂತ್ರದಲ್ಲಿ ಏನೂ ಬದಲಾಗಲಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಮಧ್ಯದಲ್ಲಿ ಒಂದು ಆಸೆ ಹುಟ್ಟಿತ್ತು. ಎಡ್ಜ್ ಅನ್ನೋ ರೆಪೊದಲ್ಲಿ ಎಲ್ಲದರ ಹೊಸ ಆವೃತ್ತಿ ಇರುತ್ತದೆ, ಅದರ ಸಾಲು ಸೇರಿಸಿ ಮೌಸ್‌ಪ್ಯಾಡ್ ಒಂದನ್ನೇ ಹೊಸದು ತಂದರೆ ಹೇಗೆ ಅಂತ. ಸಾಲು ಸೇರಿಸಿ, ನಿಜವಾಗಿ ಮಾಡುವ ಮುಂಚೆ 'ಎಪಿಕೆ ಅಪ್‌ಗ್ರೇಡ್ -ಎಸ್' ಕೊಟ್ಟೆ. -ಎಸ್ ಅಂದರೆ ಬರೀ ತೋರಿಸು, ಮಾಡಬೇಡ. ಮಸಲ್‌ನಿಂದ ಹಿಡಿದು ಅರ್ಧ ಸಿಸ್ಟಮ್ ಬದಲಿಸುವ ಪಟ್ಟಿ ಪರದೆ ತುಂಬಾ ಹರಿಯಿತು. ತಕ್ಷಣ ಆ ಸಾಲು ಅಳಿಸಿದೆ. ಬೇಕೇ ಬೇಕು ಅನ್ನುವವರು ರೆಪೊ ಸಾಲಿನ ಮುಂದೆ '@ಎಡ್ಜ್' ಅಂತ ಗುರುತು ಹಾಕಿ, ಪ್ಯಾಕೇಜ್ ಹೆಸರಿನ ಕೊನೆಗೂ ಅದೇ ಗುರುತು ಹಾಕಿ ಕೇಳಬಹುದು. ಆಗ ಬೇರೆ ಪ್ಯಾಕೇಜ್‌ಗಳು ತಾವಾಗಿ ಆ ಕಡೆ ಹಾರುವುದಿಲ್ಲ. ಟೈಪಿಂಗ್ ಯಂತ್ರಕ್ಕೆ ಅದೂ ಜಾಸ್ತಿಯೇ.

ಕೊನೆಗೆ ಪಟ್ಟಿಯಲ್ಲಿ ಉಳಿದದ್ದು, ಸೆಟಪ್ ತಾನಾಗಿ ಹಾಕಿದ್ದನ್ನು ಬಿಟ್ಟರೆ: ಕ್ರೋನಿ, ಓಪನ್‌ಬಾಕ್ಸ್, ಮೌಸ್‌ಪ್ಯಾಡ್, ಪಿಸಿಮ್ಯಾನ್‌ಎಫ್‌ಎಂ, ಎಕ್ಸ್‌ಟರ್ಮ್, ಸೆಟ್‌ಎಕ್ಸ್‌ಕೆಬಿಮ್ಯಾಪ್, ಫಾಂಟ್-ನೋಟೊ-ಕನ್ನಡ.

ನಂತರ 'ಸೆಟಪ್-ಎಪಿಕೆಕ್ಯಾಶ್' ಓಡಿಸಿ ಇಳಿಸಿದ ಪ್ಯಾಕೇಜ್‌ಗಳು ಡಿಸ್ಕ್‌ನಲ್ಲೇ ಉಳಿಯುವ ಹಾಗೆ ಮಾಡಿದೆ. 'ಎಪಿಕೆ ಕ್ಯಾಶ್ ಡೌನ್‌ಲೋಡ್' ಕೊಟ್ಟರೆ ಮೊದಲೇ ಹಾಕಿದವುಗಳ ಪ್ರತಿಯೂ ಸೇರುತ್ತದೆ. ಆ ಫೋಲ್ಡರ್, ವರ್ಲ್ಡ್ ಫೈಲ್, ರೆಪೊಸಿಟರೀಸ್ ಫೈಲ್, ಚಿಕ್ಕಪ್ಪನ ಹೋಮ್ ಫೋಲ್ಡರ್, ಇಷ್ಟನ್ನೂ ಪೆನ್‌ಡ್ರೈವ್‌ಗೆ ತೆಗೆದಿಟ್ಟೆ. ಆ ಹಾರ್ಡ್ ಡಿಸ್ಕಿನ ಸದ್ದು ಕೇಳಿದರೆ ಇದು ಬೇಕಾಗುವ ದಿನ ದೂರ ಇಲ್ಲ. ಊರಿನಲ್ಲಿ ನೆಟ್ ಸಿಗ್ನಲ್ ಬರುವುದು ಹಿತ್ತಲಲ್ಲಿ ನಿಂತರೆ ಮಾತ್ರ.

ಹಂತ 8: ಒಪ್ಪಿಸಿದ ಮೇಲೆ

ಲಾಗಿನ್ ಆದ ಕೂಡಲೇ ಪ್ರೊಫೈಲ್ ಫೈಲ್ ಸ್ಟಾರ್ಟ್‌ಎಕ್ಸ್ ಮಾಡುತ್ತದೆ, ಓಪನ್‌ಬಾಕ್ಸ್‌ನ ಆಟೋಸ್ಟಾರ್ಟ್ ಮೌಸ್‌ಪ್ಯಾಡ್ ತೆರೆಯುತ್ತದೆ. ಆಫ್ ಮಾಡಲು ಪವರ್ ಬಟನ್ ಒಮ್ಮೆ ಒತ್ತಿದರೆ ಸಾಕು, ಎಸಿಪಿಐಡಿ ಸರ್ವಿಸ್ ಸರಿಯಾಗಿ ಮುಚ್ಚುತ್ತದೆ. ಒತ್ತಿ ಹಿಡಿಯಬೇಡಿ ಅಂತ ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದೇನೆ. ಖರ್ಚು ಒಟ್ಟು 550 ರೂಪಾಯಿ. ನೆಟ್‌ಬುಕ್‌ನ ಸ್ವಂತ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ, ಹಾಗಾಗಿ ಕರೆಂಟ್ ಹೋದರೆ ಬರೆದದ್ದು ತಕ್ಷಣ ಉಳಿಸಬೇಕು. ಹೊಸ ಬ್ಯಾಟರಿಗೆ ಕೇಳಿದ ಬೆಲೆ ಈ ಇಡೀ ಕೆಲಸದ ಖರ್ಚಿಗಿಂತ ಜಾಸ್ತಿ. ಬಿಟ್ಟೆ.

2025ರ ಡಿಸೆಂಬರ್‌ನಲ್ಲಿ ಆಲ್ಪೈನ್ 3.23 ಬಂತು. ಅವರು ಸುಮಾರು ಆರು ತಿಂಗಳಿಗೊಂದು ಬಿಡುಗಡೆ ಮಾಡುತ್ತಾರೆ. ಮೇನ್ ರೆಪೊಗೆ ಎರಡು ವರ್ಷದವರೆಗೆ ಭದ್ರತಾ ತಿದ್ದುಪಡಿ ಸಿಗುತ್ತದೆ, ಕಮ್ಯೂನಿಟಿಗೆ ಮುಂದಿನ ಬಿಡುಗಡೆವರೆಗೆ ಮಾತ್ರ. ನೆಟ್‌ಗೆ ಹೋಗದ ಯಂತ್ರಕ್ಕೆ ಅವಸರ ಇಲ್ಲ. ಈ ಆವೃತ್ತಿಯಲ್ಲಿ ಎಪಿಕೆ ಕೂಡ 3ಕ್ಕೆ ಏರಿದೆ, ರೂಢಿಯ ಕಮಾಂಡ್‌ಗಳು ಹಾಗೇ ಇವೆ. ಊರಿಗೆ ಹೋದಾಗ ಮಾಡಬೇಕಾದ್ದು: ಪೆನ್‌ಡ್ರೈವ್‌ಗೆ ಪ್ರತಿ ತೆಗೆದು, ರೆಪೊಸಿಟರೀಸ್ ಫೈಲ್‌ನಲ್ಲಿ ವಿ3.22 ಇರುವ ಕಡೆಯೆಲ್ಲ ವಿ3.23 ಮಾಡಿ, 'ಎಪಿಕೆ ಅಪ್‌ಡೇಟ್', ಒಮ್ಮೆ 'ಎಪಿಕೆ ಅಪ್‌ಗ್ರೇಡ್ --ಅವೈಲಬಲ್ -ಎಸ್' ಕೊಟ್ಟು ಪಟ್ಟಿ ಓದಿ, ಸರಿ ಕಂಡರೆ -ಎಸ್ ಇಲ್ಲದೆ ಇನ್ನೊಮ್ಮೆ, ರೀಬೂಟ್. '--ಅವೈಲಬಲ್' ಹಾಕಿದರೆ ಎಲ್ಲ ಪ್ಯಾಕೇಜೂ ಹೊಸ ರೆಪೊದಲ್ಲಿ ಇರುವ ಆವೃತ್ತಿಗೇ ಬರುತ್ತದೆ, ಹಳೇದು ಅಲ್ಲೊಂದು ಇಲ್ಲೊಂದು ಉಳಿಯುವುದಿಲ್ಲ. ಹಿತ್ತಲಿನವರೆಗೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯಬೇಕು, ಅದನ್ನೂ ಬರೆದುಕೊಂಡಿದ್ದೇನೆ.